ರಾಣಿ ಹೇಳಿದ ಬೇಡ

ಶನಿವಾರ ಬೆಳಿಗ್ಗೆ ಪ್ರಮೋದನ ತಂಗಿ ಮಮತಾ ಫೋನ್ ಮಾಡಿದಳು. “ಸಂಹಿತಾ, ನಾಳೆ ಅಣ್ಣ ಹೇರೂರಿಗೆ ಹುಡುಗಿ ನೋಡಲೆ ಹೋಗ್ತ. ನೀನು ಬೇಡ ಅಂದ್ಯಡ?”

ನಾನು ಬೇಡ ಅಂದೆನಂತೆ. ಆ ಮಹಾರಾಯ ನನ್ನನ್ನು ಕೇಳಿದ್ದಾದರೂ ಯಾವಾಗ?

“ತಾಳಮದ್ದಳೆಯಲ್ಲಿ ಕೇಳಿದ್ನಡ. ಎಲ್ಲರೆದುರು ಹೇಳ್ಬಿಟ್ಯಡ.”

ನನಗೆ ಮೈಯೆಲ್ಲ ಉರಿಯಿತು. ಮದುವೆಯ ಮಾತನ್ನು ಅವನು ಬಾಯಿಬಿಟ್ಟು ಕೇಳಲಿ ಎಂದು ಮೂರು ವರ್ಷದಿಂದ ಕಾದವಳು ನಾನು.

ತಾಳಮದ್ದಳೆ ಎಂದರೆ ನಮ್ಮ ಕಡೆ ಮಾತಿನದೇ ಆಟ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಕೂತವರು ಪಾತ್ರವಾಗಿ, ಹೊಳೆದಂತೆ ಅರ್ಥ ಹೇಳುತ್ತಾರೆ. ಅವತ್ತು ಮಂಚಿಕೇರಿಯಲ್ಲಿ ಪ್ರಮೋದ ರಾಜ, ನಾನು ಮುನಿದ ರಾಣಿ.

“ಪೂರ್ವದ ಕಿಟಕಿಯ ಪಕ್ಕ ನಿನಗೆಂದೇ ಜಾಗ ಮಾಡಿದ್ದೇನೆ. ನನ್ನ ಮನೆಗೆ ಬರುತ್ತೀಯಾ?” ಎಂದು ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತ ಕೇಳಿದ್ದ. ನನ್ನ ಕಿವಿ ಬಿಸಿಯಾದದ್ದು ನಿಜ. ಆದರೂ, “ಈ ಜನ್ಮದಲ್ಲಿ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ” ಎಂದೆ. ಮುನಿದ ರಾಣಿ ಮತ್ತೇನು ಹೇಳಬೇಕಿತ್ತು? ಜನ ಚಪ್ಪಾಳೆ ತಟ್ಟಿದರು. ಅವನು ತಲೆ ತಗ್ಗಿಸಿದ. ಎಷ್ಟು ಚೆನ್ನಾಗಿ ಮಾಡಿದ ಎಂದುಕೊಂಡೆ.

ಆಮೇಲೆ ಹದಿನೆಂಟು ದಿನ ಫೋನಿಲ್ಲ, ಮೆಸೇಜಿಲ್ಲ. ಅವನೇ ಮಾಡಲಿ ಎಂಬ ಜಂಭ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಮಮತಾಳ ಫೋನ್ ಇಟ್ಟವಳೇ ಸ್ಕೂಟಿ ಹತ್ತಿ ಯಲ್ಲಾಪುರದಿಂದ ನೇರ ಅವನ ಶಾಲೆಗೆ ಹೋದೆ. ಪ್ರಮೋದ ಮಾಸ್ತರು ಲ್ಯಾಬಿಗೆ ಬೀಗ ಹಾಕುತ್ತಿದ್ದರು.

“ಹೆಣ್ಣು ನೋಡಲೆ ಹೊರಟಿದ್ಯಡ?”

“ಅಷ್ಟು ಜನರೆದುರು ಬೇಡ ಅಂದ್ಯಲೆ,” ಎಂದ, ಬೀಗವನ್ನೇ ನೋಡುತ್ತ.

“ಅದು ರಾಣಿ ಹೇಳಿದ್ದು ಮಾರಾಯ. ರಾಣಿ ಒಂದೇ ಪದ್ಯಕ್ಕೆ ಒಪ್ಪಿಬಿಟ್ರೆ ಪ್ರಸಂಗ ಮುಂದೆ ಹೋಗ್ತಾ?”

“ಆನು ನಿನ್ನನ್ನೇ ಕೇಳಿದ್ದಾಗಿತ್ತು.”

“ಹೊರಗೆ ಬಂದು ಕೇಳಲೆ ಎಂತ ಆಗಿತ್ತು? ಚಾ ಬೇಕಾದ್ರೂ ಭಾಗವತರ ಹತ್ರ ಪದ್ಯ ಹೇಳಿಸ್ತ್ಯ?”

ಅವನ ತುಟಿಯಂಚಿನಲ್ಲಿ ನಗು ಬಂತು. ನನಗೆ ಇನ್ನೂ ಸಿಟ್ಟು ಬಂತು.

“ನಗಡ ನೀನು, ಇದು ನಗೋ ಮಾತಲ್ಲ.”

“ಹೆದರಿಕೆ ಆಗಿತ್ತು ಸಂಹಿತಾ. ರಾಜ ಕೇಳಿದ್ರೆ, ನೀ ಬೇಡ ಅಂದ್ರೂ ನನ್ನ ಮರ್ಯಾದೆ ಉಳೀತು ಹೇಳಿ ಅನ್ಸಿತ್ತು.”

“ನಿನ್ನ ಮರ್ಯಾದೆ ಉಳೀತು. ನನ್ನ ಮನಸ್ಸು ಯಾರಿಗೆ ಬೇಕು? ಹೇರೂರಲ್ಲಿ ಆ ಹುಡುಗಿ ನಾಳೆಗೆ ಸೀರೆ ತೆಗೆದಿಟ್ಟಿರ್ತು. ಆ ಹುಡುಗಿಗೆ ಎಂತ ಹೇಳ್ತೆ?”

ಅವನ ನಗು ಹೋಯಿತು. “ಮಮತಾ ಹತ್ರ ಹೇಳ್ಸಿದ್ರೆ…”

“ಮಮತಾ ಎಂತಕ್ಕೆ? ನಿಂಗೆ ಬಾಯಿಲ್ಯ?”

ಅಲ್ಲೇ ನಿಂತು ಹುಡುಗಿಯ ಅಪ್ಪನಿಗೆ ಫೋನ್ ಮಾಡಿದ. ಮನಸ್ಸು ಬೇರೆ ಕಡೆ ಇದೆ, ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದ. ಆ ಕಡೆಯಿಂದ ಬೈಗುಳ ನನಗೂ ಕೇಳುತ್ತಿತ್ತು. ಅವನು ಎದುರಾಡಲಿಲ್ಲ, ಪೂರ್ತಿ ಕೇಳಿಸಿಕೊಂಡ.

ಫೋನ್ ಇಟ್ಟು ನನ್ನತ್ತ ತಿರುಗಿದ. ಎರಡು ತಾಸು ತಡವರಿಸದೆ ಅರ್ಥ ಹೇಳುವವನು ಮೂರೇ ಶಬ್ದಕ್ಕೆ ತಡವರಿಸಿದ.

“ನನ್ನ ಮದ್ವೆ ಆಗ್ತ್ಯ?”

ಬೈಯುವುದು ಇನ್ನೂ ಬೇಕಾದಷ್ಟಿತ್ತು. ಅದಕ್ಕೆ ಜೀವಮಾನವೇ ಇದೆಯಲ್ಲ ಎಂದುಕೊಂಡು, “ಹೂಂ” ಎಂದೆ.

ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದೆ.