ಕಾಮಾಲೆ ಹಿಡಿದ ಸೈನ್ಯ

"ಥೂ!"

ಕುಂಚ ಬಾಗಿಲಲ್ಲೇ ನಿಂತು ಹಾಗೆಂದಳು. ನಕ್ಷೆ ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತ.

ಅವಳಿಗೆ ಕುಂಚ, ಅವನಿಗೆ ನಕ್ಷೆ ಎಂದು ಹೆಸರಿಟ್ಟದ್ದು ಗೆಳೆಯರ ಗುಂಪು. ಹಳೆಯ ಕಂಪ್ಯೂಟರ್ ಯುದ್ಧದಾಟವೊಂದಕ್ಕೆ ಹೊಸ ರಾಜ್ಯ, ಹೊಸ ಸೈನ್ಯ ಸೇರಿಸುವ ಹುಚ್ಚು ಆ ಗುಂಪಿಗೆ. ಅವಳು ಮನೆಯಲ್ಲಿ ಕೂತು ಸೈನಿಕರನ್ನು ಬರೆದು ಕಳಿಸುತ್ತಾಳೆ. ಅವನು ಈ ಬಾಡಿಗೆ ರೂಮಿನಲ್ಲಿ ಬೆಟ್ಟ, ನದಿ, ಕೋಟೆ ಎಲ್ಲ ಮಾಡಿ, ಅವುಗಳ ಮೇಲೆ ಅವಳ ಸೈನಿಕರನ್ನು ಕೂರಿಸುತ್ತಾನೆ. ನಾಳೆ ಆಟ ಜನರ ಕೈಗೆ ಹೋಗಬೇಕು. ಕೊನೆಯ ಸಲ ನೋಡೋಣ ಎಂದು ಇವತ್ತು ಅವಳು ಮನೆಯಲ್ಲಿ ಅದನ್ನು ತೆರೆದಿದ್ದಳು, ನೋಡಿದವಳೇ ಎದ್ದು ಇಲ್ಲಿಗೆ ಓಡಿಬಂದಿದ್ದಳು.

"ಅದು ಸೈನ್ಯಾನಾ? ಒಬ್ಬೊಬ್ಬನಿಗೂ ಕಾಮಾಲೆ! ರಾಣಿ ಮೇಲಂಗಿ ಮೇಲೆ ಯಾರೋ ಕೀವು ಒರೆಸಿದಂಗಿದೆ. ಬಿಳೀ ಕುದುರೆ ಬರೆದುಕೊಟ್ರೆ ಕೊಳೆತ ಮೊಟ್ಟೆ ಮಾಡಿಟ್ಟಿದೀರಲ್ಲ!"

"ಅದು... ಆಟದೊಳಗೆ ಹಾಕೋವಾಗ ಬಣ್ಣ ಸ್ವಲ್ಪ ಹಾಗೇ ಬರುತ್ತೆ." ಅವನು ಕೀಬೋರ್ಡಿಗೆ ಹೇಳಿದ.

"ಸುಳ್ಳು! ಬಣ್ಣಾನೂ ತಿದ್ದಿದೀರಿ, ಕಾಂಟ್ರಾಸ್ಟೂ ಏರಿಸಿದೀರಿ. ನನ್ನ ಚಿತ್ರ ನಾನು ಕೊಟ್ಟಹಾಗೇ ವಾಪಸ್ ಹಾಕಿ. ಇಲ್ಲಾಂದ್ರೆ ಅಷ್ಟನ್ನೂ ತಗೊಂಡು ಹೋಗ್ತೀನಿ. ಮತ್ತೆ ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ."

ಆ ಕೊನೆಯ ಮಾತಿಗೆ ಅವನ ಮುಖ ಸಪ್ಪೆಯಾಯಿತು. ಆಗಲಿ, ಆಗಲಿ ಎಂದುಕೊಂಡಳು ಇವಳು. ಮೇಜಿನ ಮೇಲೆ ನಿನ್ನೆಯದೋ ಮೊನ್ನೆಯದೋ ಚಹಾದ ಲೋಟ, ಅದರ ಕೆನೆಯಲ್ಲಿ ಒಂದು ಸತ್ತ ಇರುವೆ. ಪಕ್ಕದಲ್ಲಿ ಕಚ್ಚಿ ಕಚ್ಚಿ ಜಜ್ಜಿಹೋದ ಪೆನ್ನಿನ ಮುಚ್ಚಳ. ಇಂಥ ಗಲೀಜು ಮನುಷ್ಯನನ್ನು ನೆನೆಸಿಕೊಂಡು ತಾನು ಕನ್ನಡಿ ಮುಂದೆ ಹೊತ್ತು ಕಳೆದದ್ದುಂಟಲ್ಲ! ಸಾಲದ್ದಕ್ಕೆ, ಸೈನ್ಯದ ಮುಂದೆ ಹೋಗುವ ಸವಾರನಿಗೆ ಇವನ ದಪ್ಪ ಹುಬ್ಬನ್ನೇ ಬರೆದಿದ್ದಳು. ಯಾರಿಗೂ ಗೊತ್ತಾಗದಂತೆ, ಎಷ್ಟು ಮುದ್ದಿನಿಂದ ಬರೆದ ಹುಬ್ಬು! ಈ ಪುಣ್ಯಾತ್ಮ ಅದಕ್ಕೂ ಹಳದಿ ಬಳಿದಿದ್ದ.

"ಹಾಕಿ ಅಂದೆ."

"ಬೇಡ ಕಣ್ರೀ. ದಯವಿಟ್ಟು."

"ಹಾಕಿ ಅಂದ್ರೆ ಹಾಕಿ! ನನ್ನ ಕಣ್ಣೆದುರಿಗೇ."

ಅವನು ನಿಟ್ಟುಸಿರುಬಿಟ್ಟು ಗುಂಡಿ ಒತ್ತಿದ. ಪರದೆಯ ಮೇಲೆ ಅವಳ ಸೈನ್ಯ ಬಂದು ನಿಂತಿತು.

ಅಯ್ಯೋ. ಹೆಣಗಳು. ವಾರಗಟ್ಟಲೆ ಕೆರೆಯಲ್ಲಿ ನೆನೆದು ತೇಲಿಬಂದ ಹೆಣಗಳು. ರಾಣಿಯ ಕೆನ್ನೆ ನೀಲಿ, ತುಟಿ ಕಡುನೀಲಿ, ಕುದುರೆಯೋ ಊದಿಕೊಂಡ ಮೀನು. ಮಸುಕು ಮಸುಕಾಗಿ ಹುಲ್ಲು ಯಾವುದು, ಈಟಿ ಯಾವುದು ಎಂದೇ ತಿಳಿಯದು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಇದು ನಂದಲ್ಲ. ನಿಮ್ಮ ಸ್ಕ್ರೀನ್ ಕೆಟ್ಟಿದೆ."

ಅವನು ಗೋಡೆ ಪಕ್ಕದ ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದು ತೋರಿಸಿದ. ಅಲ್ಲೂ ಅವೇ ಹೆಣಗಳು. ಆಮೇಲೆ ತಾನು ತಿದ್ದಿದ್ದನ್ನು ತೆರೆದ. ಕುದುರೆ ಬೆಳ್ಳಗೆ ಹೊಳೆಯಿತು, ರಾಣಿಯ ಕೆನ್ನೆಗೆ ಜೀವ ಬಂತು. ಅವಳು ಮನಸ್ಸಿನಲ್ಲಿ ಕಂಡಿದ್ದ ರಾಣಿ ಅದೇ.

ತಟ್ಟನೆ ಏನೋ ಹೊಳೆದು ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಹೂಂ ಕಣೇ, ನಾನೇ ನಿನ್ನ ಕಂಪ್ಯೂಟರ್ ಪರದೆಗೆ ಹಳದಿ ಬೆಳಕು ಹಾಕಿದ್ದು," ಎಂದಳು ಅಕ್ಕ, ತರಕಾರಿ ಹೆಚ್ಚುವುದನ್ನೂ ನಿಲ್ಲಿಸದೆ. "ತಲೆನೋವು, ಕಣ್ಣುರಿ ಅಂತ ಪ್ರಾಣ ತಿಂತಿದ್ದೆಯಲ್ಲ. ಒಮ್ಮೆಲೇ ಹಾಕಿದ್ರೆ ಕುಣೀತೀಯ ಅಂತ ದಿನಾ ಚೂರು ಚೂರೇ ಏರಿಸ್ದೆ. ನಿನ್ನ ಫೋನಿಗೂ ಹಾಕಿದೀನಿ. ಈಗ ತಲೆನೋವು ಹೋಯ್ತೋ ಇಲ್ವೋ?"

ಫೋನ್ ಕೆಳಗಿಟ್ಟಳು. ಹಳದಿ ಪರದೆಗೆ ಸರಿದೂಗಲೆಂದು ತಾನೇ ಇಷ್ಟು ದಿನ ನೀಲಿ ಸುರಿದು ಸುರಿದು ಒಂದು ಸೈನ್ಯವನ್ನೇ ಕೊಂದಿದ್ದಳು. ತನ್ನ ಕೈಯ ಮೇಲೇ ಅವಳಿಗೆ ಹೇಸಿಗೆಯಾಯಿತು. ಆ ಹೇಸಿಗೆ ತಾಳಲಾರದೆ ಅವನ ಮೇಲೆಯೇ ಹರಿಹಾಯ್ದಳು.

"ನಂಗ್ಯಾಕೆ ಹೇಳ್ಲಿಲ್ಲ? ಪಾಪ ಅಂತ ಕನಿಕರಾನಾ?"

"ಒಂದ್ಸಲ ಹೇಳಿದ್ದೆ. ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ ಅಂದೆ. ನಕ್ಷೆ ಬರೆಯೋರು ನಕ್ಷೆ ನೋಡ್ಕೊಳ್ಳಿ ಅಂತ ಮುಖಕ್ಕೆ ಹೊಡೆದಂಗೆ ಹೇಳಿ ಹೋದ್ರಿ. ಆಮೇಲೆ ಎಷ್ಟೋ ದಿನ ಈ ಕಡೆ ಬರ್ಲೇ ಇಲ್ಲ." ಅವನು ಪೆನ್ನಿನ ಮುಚ್ಚಳ ಬಾಯಿಗಿಡಲು ಹೋಗಿ, ಅವಳು ನೋಡುತ್ತಿರುವುದು ಕಂಡು ಕೆಳಗಿಟ್ಟ. "ನೀವು ಬರದೆ ಇದ್ರೆ ನಂಗೆ ಈ ರೂಮಲ್ಲಿ ಕೂರೋಕಾಗಲ್ಲ. ಅದಕ್ಕೇ ಸದ್ದಿಲ್ಲದೆ ತಿದ್ದಿದೆ. ಉಗಿದ್ರೂ ಪರವಾಗಿಲ್ಲ, ಬಂದು ಉಗೀತಾರಲ್ಲ ಅನ್ನಿಸ್ತು."

ಆ ಮಾತು ಅವಳಿಗೆ ಇಷ್ಟವಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

"ಇದು ಪ್ರೀತಿ ಅಲ್ಲ, ಹೇಡಿತನ."

"ಎರಡೂ ಇದೆ," ಎಂದ ಅವನು.

ಅವಳಿಗೆ ನಗು ಬಂತು. ಬರಬಾರದಿತ್ತು, ಬಂದುಬಿಟ್ಟಿತು. ನಗು ನುಂಗಿಕೊಂಡು ಅವನ ಪಕ್ಕಕ್ಕೆ ಕುರ್ಚಿ ಎಳೆದು ಕೂತಳು.

"ನಮ್ಮನೆ ಪರದೇನ ಇನ್ನು ನಂಬಲ್ಲ. ಇವತ್ತು ಉಳಿದಿದ್ದು ಇಲ್ಲೇ ತಿದ್ದೋಣ, ನಾಳೆಯಿಂದಾನೂ ಇಲ್ಲೇ ಬರೀತೀನಿ. ಮೊದಲು ಆ ಲೋಟ ತೊಳೆದಿಟ್ಟು ಬಾ. ವಾಂತಿ ಬರುತ್ತೆ. ಇನ್ನೊಂದು, ನಾನು ಮಾಡಿದ್ದು ಕೆಟ್ಟದಾಗಿದ್ರೆ ಮುಖದ ಮೇಲೆ ಹೇಳ್ಬೇಕು. ಇಲ್ಲಾಂದ್ರೆ ನಿಜವಾಗ್ಲೂ ಹೋಗ್ತೀನಿ."

'ಬಾ' ಎಂದದ್ದನ್ನು ಕೇಳಿ ಅವನ ಕಿವಿ ಕೆಂಪಾಯಿತು. ಲೋಟ ಹಿಡಿದು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಮುಖದ ಮೇಲೇ ಹೇಳ್ಲಾ?"

"ಹೇಳು."

"ಕುದುರೆ ಹಿಂಗಾಲು ಮೇಜಿನ ಕಾಲಿದ್ದಂಗಿದೆ."

ಅವಳು ಹಲ್ಲು ಕಚ್ಚಿದಳು. "ಆಮೇಲೆ?"

"ಸವಾರನ ಹುಬ್ಬು ನಂದು. ಮೊದಲನೇ ದಿನಾನೇ ಗೊತ್ತಾಯ್ತು. ಬಣ್ಣ ಎಲ್ಲ ಹೇಗೋ ತಿದ್ದಿದೆ, ಆ ಹುಬ್ಬಿನ ಗೆರೆ ಮುಟ್ಟೋಕೆ ಮಾತ್ರ ಕೈ ಬರ್ಲಿಲ್ಲ."

"ಥೂ!" ಎಂದಳು ಕುಂಚ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ಕುರ್ಚಿ ಬಿಟ್ಟು ಮಾತ್ರ ಏಳಲಿಲ್ಲ.