ಅವನು ಕಣ್ಣು ಮುಚ್ಚಿದ್ದನೇ?

ಅವನು ತುಂಬಾ ಚೆನ್ನಾಗಿ ಕಣ್ಣು ಮುಚ್ಚಿಕೊಂಡಿದ್ದ. ನನಗೆ ಮೊದಲು ಅನುಮಾನ ಬಂದದ್ದು ಅದಕ್ಕೇ.

ನಿಜವಾಗಿ ಪ್ರಾರ್ಥನೆ ಮಾಡುವವರು ಹಾಗೆ ಕೂರುವುದಿಲ್ಲ. ತುಟಿ ಅಲುಗುತ್ತದೆ, ನಿಟ್ಟುಸಿರು ಬರುತ್ತದೆ, ಕೆಲವರಿಗೆ ಆಕಳಿಕೆಯೂ ಬರುತ್ತದೆ. ಇವನು ಮಾತ್ರ ಚರ್ಚಿನೊಳಗೆ ನನ್ನ ಪಕ್ಕದ ಬೆಂಚಿನಲ್ಲಿ, ಕಾಲ ಬಳಿ ಸ್ಪ್ಯಾನರುಗಳ ಚೀಲ ಇಟ್ಟುಕೊಂಡು, ಗ್ರೀಸು ಹತ್ತಿದ ಕೈಗಳನ್ನು ಮಂಡಿಯ ಮೇಲಿಟ್ಟು, ಬಸ್ಸಿಗೆ ಕಾಯುವವನ ಹಾಗೆ ಸುಮ್ಮನೆ ಕೂತಿದ್ದ. ನಮ್ಮ ಅಂಗಡಿಯಿರುವ ಕಾಂಪ್ಲೆಕ್ಸಿನ ಲಿಫ್ಟ್ ರಿಪೇರಿಯವನು ಎಂದು ಅವನ ಅಂಗಿ ನೋಡಿ ಗೊತ್ತಾಯಿತು. ಇಷ್ಟು ದಿನ ಇಲ್ಲದವನು ಈಗ ಏಕೆ ಬಂದ? ಅಷ್ಟೊಂದು ಬೆಂಚುಗಳು ಖಾಲಿ ಇರುವಾಗ ನನ್ನ ಪಕ್ಕದ್ದೇ ಏಕೆ?

ನನ್ನ ಅನುಮಾನಕ್ಕೆ ಕಾರಣವಿತ್ತು.

ದೇವರ ಕೆಲಸ ಮಾಡಿ ಮಾಡಿ, ದೇವರ ಜೊತೆ ಮಾತಾಡಲು ಪುರುಸೊತ್ತಿಲ್ಲದ ಬದುಕು ನನ್ನದು. ಕ್ವಾಯರ್, ಸಂಡೇ ಸ್ಕೂಲ್, ಮಹಿಳಾ ಕೂಟ. ಅದರ ಮೇಲೆ ಅಣ್ಣ ಅತ್ತಿಗೆಯ ಆಲ್ಟರೇಷನ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು. ಮೊದಲು ಕ್ವಾಯರಿಗೆ ಮುಂಚೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ಪ್ರಾರ್ಥನೆಗೆ ಕೂರುತ್ತಿದ್ದೆ. ಅಲ್ಲಿ ಗಿಟಾರ್ ನುಡಿಸುವವನೊಬ್ಬ ಬಂದು, ಕರ್ತರಾದ ದೇವರು ನನ್ನನ್ನು ಮದುವೆಯ ಬಿಳಿ ಗೌನಿನಲ್ಲಿ ಅವನಿಗೆ ತೋರಿಸಿದರೆಂದು ಹೇಳಿದ. ಒಲ್ಲೆ ಎಂದೆ. ಆಮೇಲೆ ಒಬ್ಬರ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದೆ. ಅಲ್ಲಿ ಔಷಧಿ ಕಂಪನಿಯ ರೆಪ್ ಒಬ್ಬ ಉಪವಾಸ ಮಾಡಿ ಎದ್ದು, ತನ್ನ ಮದುವೆಗೆ ದೇವರು ಸ್ಪಷ್ಟವಾಗಿ ನನ್ನ ಹೆಸರನ್ನೇ ಹೇಳಿದರೆಂದ. ಅಷ್ಟು ಸ್ಪಷ್ಟವಾಗಿ ಹೇಳುವ ದೇವರು ನನ್ನ ಕಿವಿಗೂ ಒಂದು ಮಾತು ಹಾಕಬಾರದಿತ್ತೇ? ಅವನನ್ನು ಒಲ್ಲೆ ಎಂದದ್ದಕ್ಕೆ, ದೇವರನ್ನೇ ಒಲ್ಲೆ ಎಂದವಳ ಹಾಗೆ ಎಲ್ಲರೂ ನನ್ನ ಮುಖ ನೋಡಿದರು.

ಪ್ರಾರ್ಥನೆಗೆ ಆ ಎರಡೂ ಜಾಗ ಬಿಟ್ಟೆ. ಕೊನೆಗೆ ಉಳಿದದ್ದು ಕಾಂಪ್ಲೆಕ್ಸಿನ ಹಿಂದಿನ ಈ ಹಳೆಯ ಚರ್ಚು, ಊಟದ ಹೊತ್ತಿಗೆ ತೆರೆದಿರುವ ಅದರ ಪಕ್ಕದ ಬಾಗಿಲು. ಇದೂ ಹೋದರೆ ಉಸಿರಾಡಲು ನನಗೆ ಬೇರೆ ಜಾಗವಿರಲಿಲ್ಲ.

ಅತ್ತಿಗೆಗೆ ಹೇಳಿದೆ. "ಒಂದು ಸಲವೂ ಕಣ್ಣು ಬಿಡಲಿಲ್ಲ. ನಾಟಕ ಅಲ್ಲದೆ ಇನ್ನೇನು?"

ಅತ್ತಿಗೆ ಹೊಲಿಗೆ ನಿಲ್ಲಿಸದೆಯೇ ಕೇಳಿದರು. "ಅವನು ಕಣ್ಣು ಬಿಡಲಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೂಜಿಗೆ ದಾರ ಪೋಣಿಸುವಂತೆ ನಟಿಸಿದೆ. ದಾರ ಆಗಲೇ ಪೋಣಿಸಿಯಾಗಿತ್ತು. ಅನುಮಾನಂ ಪೆದ್ದರೋಗಂ ಎಂದು ಅತ್ತಿಗೆ ಗೊಣಗಿದರು.

ಅವನನ್ನು ಪರೀಕ್ಷಿಸಲು ಶುರು ಮಾಡಿದೆ. ಬೆಂಚು ಬದಲಿಸಿದೆ, ಅವನು ಬದಲಿಸಲಿಲ್ಲ. ಬೇಕೆಂದೇ ತಡವಾಗಿ ಹೋದೆ, ಅವನು ತಿರುಗಿ ನೋಡಲಿಲ್ಲ. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಎಂಬಂಥ ಆಸಾಮಿಯೇ ಇರಬೇಕು ಎಂದುಕೊಂಡೆ. ಒಂದು ಕಣ್ಣಿನಲ್ಲಿ ಅವನನ್ನು ಕಾಯುತ್ತ, ಇನ್ನೊಂದರಲ್ಲಿ ಪ್ರಾರ್ಥಿಸುತ್ತ, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ದಣಿದು ಅಂಗಡಿಗೆ ವಾಪಸಾಗುತ್ತಿದ್ದೆ. ಅವನ ರೆಪ್ಪೆಗೂದಲುಗಳು ಉದ್ದವಾಗಿವೆ, ಎಡ ಹುಬ್ಬಿನ ತುದಿಯಲ್ಲಿ ಸುಟ್ಟ ಗಾಯದ ಗುರುತಿದೆ ಎಂಬುದೆಲ್ಲ ನನಗೆ ಗೊತ್ತಾದದ್ದು ಹಾಗೆ.

ಒಂದು ಮಧ್ಯಾಹ್ನ ಬಾಗಿಲ ಬಳಿ ಅವನು ನನಗಾಗಿ ನಿಂತಿದ್ದ. "ಮೇಡಂ, ನಿಮಗೆ ಒಂದು ಮಾತು ಹೇಳಬೇಕಿತ್ತು."

ಬಂತು ನೋಡಿ ಎಂದುಕೊಂಡೆ. ಹೇಳಬೇಕಾದದ್ದನ್ನು ಎಷ್ಟೋ ದಿನದಿಂದ ಬಾಯಿಪಾಠ ಮಾಡಿಟ್ಟಿದ್ದೆ. "ದೇವರು ನಿಮಗೆ ಏನಾದ್ರೂ ಹೇಳಿದ್ರೆ ನಿಮ್ಮ ಹತ್ರಾನೇ ಇಟ್ಕೊಳ್ಳಿ. ನನಗೆ ಹೇಳಿಲ್ಲ."

ಅವನು ನನ್ನನ್ನೇ ನೋಡಿದ. ನಗು ತುಟಿಗೆ ಬರುವ ಮೊದಲು ಕಣ್ಣಿಗೆ ಬಂದಿತ್ತು, ಅದನ್ನು ಅವನು ಅಲ್ಲೇ ತಡೆದ. "ದೇವರು ಏನೂ ಹೇಳಿಲ್ಲ ಮೇಡಂ. ನಿಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡ್ತಿರುತ್ತೆ. ಹಾಗೇ ಲಿಫ್ಟ್ ಹತ್ತುತ್ತೀರಿ. ಆ ಕಂಬಿ ಬಾಗಿಲಿಗೆ ಸಿಕ್ಕಿಕೊಂಡ್ರೆ ಕಷ್ಟ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಟೇಪು ತೆಗೆದು ಮುಷ್ಟಿಯಲ್ಲಿ ಸುತ್ತಿಕೊಂಡೆ. ಆಗ ಅವನು ಸ್ವಲ್ಪ ಅಳುಕುತ್ತಲೇ ಕೇಳಿದ, ನನ್ನನ್ನು ಅವನ ದೊಡ್ಡಮ್ಮ ಕಳಿಸಿಲ್ಲ ತಾನೇ ಎಂದು.

ಅವನು ಹೋದಲ್ಲೆಲ್ಲ ಒಬ್ಬ ಭಕ್ತಿವಂತ ಹುಡುಗಿ ಆಕಸ್ಮಿಕವಾಗಿ ಎದುರಾಗುವಂತೆ ಮಾಡುವುದು ಆ ದೊಡ್ಡಮ್ಮನ ಕಸುಬಂತೆ. ಈ ಚರ್ಚಿಗೆ ಅವನು ನನಗಿಂತ ಬಹಳ ಹಿಂದಿನಿಂದ ಬರುತ್ತಿದ್ದ. ನಡುವೆ ಬೇರೆ ಬಿಲ್ಡಿಂಗಿನ ಕೆಲಸವಿತ್ತು, ಮರಳಿ ಬಂದಾಗ ನೋಡಿದರೆ ಪಕ್ಕದ ಬೆಂಚಿನಲ್ಲಿ ಒಂದು ಕಣ್ಣು ಬಿಟ್ಟುಕೊಂಡು ಪ್ರಾರ್ಥಿಸುವ ನಾನು. ಅನುಮಾನ ಬಾರದಿರುತ್ತದೆಯೇ?

ನಾನು ಗಿಟಾರಿನವನ ಕಥೆ, ಔಷಧಿ ಕಂಪನಿಯವನ ಕಥೆ ಎರಡನ್ನೂ ಹೇಳಿದೆ. ಅವನು ನಗಲಿಲ್ಲ. ನಾವೊಂದು ಒಪ್ಪಂದ ಮಾಡಿಕೊಂಡೆವು. ಒಳಗೆ ಮಾತಿಲ್ಲ. ಅವನು ತನ್ನ ಬೆಂಚಿನಲ್ಲಿ, ನಾನು ನನ್ನ ಬೆಂಚಿನಲ್ಲಿ.

ಆದರೆ ಹೊರಗೆ, ಚರ್ಚಿನ ಮೆಟ್ಟಿಲಿನಿಂದ ಲಿಫ್ಟಿನವರೆಗೆ ಮಾತಿತ್ತು. ಒಂದು ದಿನ ಕೇಳಿದೆ, ತುಟಿ ಅಲುಗಿಸದೆ ಅಷ್ಟು ಹೊತ್ತು ಏನು ಬೇಡಿಕೊಳ್ಳುತ್ತೀರಿ ಎಂದು.

"ಏನೂ ಬೇಡಲ್ಲ," ಎಂದ. "ಬೆಳಗಿನಿಂದ ಎಲ್ಲರೂ ನನ್ನನ್ನ ಯಾವಾಗ ಆಗುತ್ತೆ, ಬೇಗ ಮಾಡಿ ಅಂತಾನೇ ಕೇಳ್ತಿರ್ತಾರೆ. ದೇವರಿಗೂ ಅದನ್ನೇ ಯಾಕೆ ಮಾಡಲಿ? ಬಂದಿದ್ದೀನಿ ಅಂತ ಹೇಳ್ತೀನಿ. ಆಮೇಲೆ ಸುಮ್ಮನೆ ಕೂತ್ಕೋತೀನಿ."

ನನ್ನ ಪ್ರಾರ್ಥನೆ ನಮ್ಮ ಅಂಗಡಿಯ ಕೌಂಟರಿನಂತೆಯೇ ಇತ್ತು. ಇದನ್ನು ಸರಿ ಮಾಡು, ಅದನ್ನು ಕತ್ತರಿಸು, ಶನಿವಾರದೊಳಗೆ ಬೇಕು. ಮರುದಿನ ನಾನೂ 'ಬಂದಿದ್ದೀನಿ' ಎಂದಷ್ಟೇ ಹೇಳಿ ಕೂತೆ. ಮೊದಲು ಜಿಪ್ಪುಗಳು ನೆನಪಾದವು, ಆಮೇಲೆ ಸಂಡೇ ಸ್ಕೂಲು. ಆಮೇಲೆ ಯಾವಾಗಲೋ ಬಿಗಿದಿದ್ದ ಭುಜಗಳು ತಾವಾಗಿಯೇ ಇಳಿದವು. ಯಾರಿಗೂ ಏನೂ ಮಾಡಿಕೊಡಬೇಕಿಲ್ಲದ ಅಂಥ ಹೊತ್ತು ನನಗೆ ಸಿಕ್ಕಿ ವರ್ಷಗಳಾಗಿದ್ದವು. ಅಳು ಬಂತು. ಒರೆಸಿಕೊಳ್ಳಲಿಲ್ಲ.

ದಿನವೂ ಹಾಗೆ ಕೂರತೊಡಗಿದೆ. ಅಂಗಡಿಯಲ್ಲಿ ನಾನು ಸಿಡುಕುವುದು ಕಡಿಮೆಯಾಯಿತೆಂದು ಅಣ್ಣನೇ ಹೇಳಿದ. ಆದರೆ ನಾಯಿ ಬಾಲ ಡೊಂಕು. ಈ ನೆಮ್ಮದಿಯ ಮೇಲೂ ನನಗೆ ಅನುಮಾನ ಬಂತು. ಇದು ದೇವರು ಕೊಟ್ಟದ್ದೋ, ಪಕ್ಕದ ಬೆಂಚಿನಲ್ಲಿ ಇವನಿದ್ದಾನೆ ಎಂಬುದರಿಂದ ಬಂದದ್ದೋ? ಇವನದ್ದೇ ಆದರೆ, ಇವನು ಎದ್ದು ಹೋದ ದಿನ ಇದೂ ಹೋಗುತ್ತದೆ.

ಅವನು ಬರುವುದನ್ನು ನಿಲ್ಲಿಸಿದ.

ಸ್ಪ್ಯಾನರಿನ ಚೀಲ ಕಾಂಪ್ಲೆಕ್ಸಿನಲ್ಲೇ ಇರುತ್ತಿತ್ತು, ಅವನು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ದೊಡ್ಡಮ್ಮ ಗೆದ್ದಿರಬೇಕು. ಯಾವಳೋ ಎರಡೂ ಕಣ್ಣು ಮುಚ್ಚಿ ಪ್ರಾರ್ಥಿಸುವವಳು ಸಿಕ್ಕಿರಬೇಕು. ಮೊದಮೊದಲು ಬೆಂಚಿನಲ್ಲಿ ಕೂತರೆ ಬಾಗಿಲ ಸದ್ದಿನ ಮೇಲೆಯೇ ಕಿವಿ. ಒಂದು ದಿನ ಸೋತು ಹೇಳಿದೆ, 'ಬಂದಿದ್ದೀನಿ. ಅವನು ಬಂದಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ.' ಸುಮ್ಮನೆ ಕೂತೆ. ನಿಧಾನವಾಗಿ ಭುಜಗಳು ಇಳಿದವು. ಪಕ್ಕದ ಬೆಂಚು ಖಾಲಿಯೇ ಇತ್ತು, ಆದರೂ ಆ ಹಳೆಯ ನೆಮ್ಮದಿ ಬಂತು.

ಹಾಗಾದರೆ ಅದು ದೇವರದ್ದೇ. ಅವನಿಲ್ಲದೆಯೂ ನಾನು ಬದುಕಬಲ್ಲೆ. ಅಷ್ಟು ಗೊತ್ತಾದ ಮೇಲೂ ಅವನು ಬೇಕೆನ್ನಿಸುತ್ತಿತ್ತು. ಈ ಬೇಕು ಮಾತ್ರ ಸಂಪೂರ್ಣವಾಗಿ ನನ್ನದು, ಅದನ್ನು ದೇವರ ತಲೆಗೆ ಕಟ್ಟುವಂತಿಲ್ಲ.

ಅವನನ್ನು ಹುಡುಕಿಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ತಾರಸಿಯ ಮೇಲಿನ ಲಿಫ್ಟಿನ ಮಷಿನ್ ರೂಮಿನಲ್ಲಿ, ಗಡಗಡ ಎನ್ನುವ ಮೋಟರಿನ ಪಕ್ಕ, ಬೋರಲು ಹಾಕಿದ ಬಕೆಟಿನ ಮೇಲೆ ಅವನು ಕಣ್ಣು ಮುಚ್ಚಿ ಕೂತಿದ್ದ. ಇಲ್ಲೇಕೆ ಎಂದು ಕೇಳಿದೆ.

ಅವನು ಗಡಿಬಿಡಿಯಿಂದ ಎದ್ದ. "ಅಲ್ಲಿ ನನ್ನ ಪ್ರಾರ್ಥನೆ ಕೆಟ್ಟುಹೋಗಿತ್ತು. ಬಂದಿದ್ದೀನಿ ಅಂತ ಹೇಳಿ, ನೀವು ಬಂದ್ರಾ ಅಂತ ನೋಡ್ತಿದ್ದೆ. ನೀವು ಆಗಲೇ ಎರಡು ಜಾಗ ಕಳ್ಕೊಂಡಿದ್ದೀರಿ. ನನ್ನಿಂದ ಮೂರನೇದೂ ಹೋಗೋದು ಬೇಡ ಅನ್ನಿಸ್ತು."

ಆ ಸದ್ದಿನಲ್ಲಿ ಕೂತು ಪ್ರಾರ್ಥಿಸಲು ಅವನು ನನಗಾಗಿ ಒಪ್ಪಿಕೊಂಡಿದ್ದ. ನಾನು ಕುತ್ತಿಗೆಯಿಂದ ಟೇಪು ತೆಗೆದು ಜೇಬಿಗೆ ಹಾಕಿಕೊಂಡೆ. ಅವನು ಅದನ್ನು ನೋಡಿದ.

"ದೇವರು ನನಗೆ ಏನೂ ತೋರಿಸಿಲ್ಲ, ಏನೂ ಹೇಳಿಲ್ಲ," ಎಂದೆ. "ಇದು ನಾನೇ ಹೇಳ್ತಿರೋದು. ನನಗೆ ನೀವು ಬೇಕು."

ಅವನು ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಒಲ್ಲೆ ಎಂಬ ಮಾತು ಎದುರಿನವರಿಗೆ ಹೇಗೆ ಕೇಳಿಸುತ್ತದೆ ಎಂದು ಮೊದಲ ಸಲ ಯೋಚಿಸಿದೆ.

"ಹೋದ ವಾರವೇ ದೊಡ್ಡಮ್ಮನಿಗೆ ಹೇಳಿಬಿಟ್ಟೆ," ಎಂದ, ನನ್ನ ಮುಖ ನೋಡದೆ. "ಇನ್ನು ಯಾರನ್ನೂ ಕಳಿಸಬೇಡಿ ಅಂತ."

ಮರುದಿನ ಮಧ್ಯಾಹ್ನ ಅವನು ಪಕ್ಕದ ಬೆಂಚು ಬಿಟ್ಟು ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬಂದಿದ್ದೀನಿ ಎಂದು ಹೇಳಿ ನಾನು ಎರಡೂ ಕಣ್ಣು ಮುಚ್ಚಿದೆ.

ಅಂಗಡಿಗೆ ಮರಳಿದಾಗ ಅತ್ತಿಗೆ ಹೊಲಿಯುತ್ತಲೇ ಕೆಣಕಿದರು. "ಏನು, ಇವತ್ತೂ ಅವನು ಕಣ್ಣು ಬಿಡಲಿಲ್ವಾ?"

"ಗೊತ್ತಿಲ್ಲ ಅತ್ತಿಗೆ," ಎಂದೆ.

ಅತ್ತಿಗೆ ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು.