ಕರಿಯನಿಗೆ ನಾಟದ ಮದ್ದು

ಡಾ. ಶ್ರೀಲತಾ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಸರಸಕ್ಕ ಬೆಳಗಿನ ಚಹಾ ಕುಡಿಯುತ್ತಿದ್ದರು. ಅದು 2011ರ ಅಕ್ಟೋಬರ್. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಸರಸಕ್ಕ ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಖಾಸಗಿ ಪತ್ತೆ ಕೆಲಸದ ಆಫೀಸು ತೆರೆದಿದ್ದರು. ಸರ್ವಿಸಿನಲ್ಲಿ ಅವರ ಜೀಪು ಓಡಿಸುತ್ತಿದ್ದ ನಾನು, ರವಿರಾಜ್, ಅಲ್ಲೂ ಅವರ ಜೊತೆಗೇ ಇದ್ದೆ.

"ಮೇಡಂ, ನನ್ನ ಐಸಿಯುವಿನಲ್ಲಿ ಒಬ್ಬ ಸಾಯ್ತಾ ಇದ್ದಾನೆ," ಎಂದರು ಶ್ರೀಲತಾ. "ಅವನು ಸಾಯಬಾರದು. ಯಾಕೆ ಸಾಯ್ತಾ ಇದ್ದಾನೆ ಅಂತ ನನಗೆ ಗೊತ್ತಾಗ್ತಿಲ್ಲ."

ರೋಗಿಯ ಹೆಸರು ಕರಿಯ. ಕೋಡಿಯವನು, ದೋಣಿ ನಡೆಸುವ ತಾಂಡೇಲ. ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಶ್ವಾಸಕೋಶಕ್ಕೆ ನೀರು ಹೊಕ್ಕಿತ್ತು. ಆಸ್ಪತ್ರೆಗೆ ತಂದವರು ಹೆಣವೆಂದೇ ತಂದಿದ್ದರು. ವೆಂಟಿಲೇಟರ್ ಹಾಕಿದ ಮೇಲೆ ಜೀವ ನಿಂತಿತು. ಮರುವಾರ ಪೇಪರಿನಲ್ಲಿ ಶ್ರೀಲತಾ ಅವರ ಫೋಟೋ ಬಂತು, ಮೀನುಗಾರರು ಶಾಲು ಹೊದೆಸಿದರು. ಆದರೆ ವೆಂಟಿಲೇಟರಿನ ಮೇಲೆ ಬಹಳ ದಿನ ಇರುವವರಿಗೆ ಬರುವ ನ್ಯುಮೋನಿಯಾ ಅವನಿಗೂ ಬಂತು. ಅದೂ ಸಾಮಾನ್ಯ ಮದ್ದಿಗೆ ಬಗ್ಗದ ರೋಗಾಣುವಿನದು.

"ಅದಕ್ಕೆ ಉಳಿದಿರುವುದು ಕೊಲಿಸ್ಟಿನ್ ಎಂಬ ಮದ್ದೊಂದೇ," ಎಂದರು ಶ್ರೀಲತಾ. " ಪಕ್ಕದ ಹಾಸಿಗೆಯ ಬೈಂದೂರಿನ ಕಮಲಮ್ಮನಿಗೂ ಅದೇ ರೋಗಾಣು. ಇಬ್ಬರ ಕಫದ ಪರೀಕ್ಷೆಯಲ್ಲೂ ಕೊಲಿಸ್ಟಿನ್‌ಗೆ ಅದು ಸಾಯುತ್ತದೆ ಎಂದೇ ಬಂದಿದೆ. ಒಂದೇ ಪೆಟ್ಟಿಗೆಯ ಮದ್ದು. ಕಮಲಮ್ಮ ಚೇತರಿಸಿಕೊಳ್ತಿದ್ದಾರೆ. ಕರಿಯ ಇಳೀತಾ ಇದ್ದಾನೆ."

"ದೇಹದಿಂದ ದೇಹಕ್ಕೆ ವ್ಯತ್ಯಾಸ ಇರುವುದಿಲ್ಲವೇ?"

"ಇರುತ್ತದೆ. ಆದರೆ ಈ ಮದ್ದು ಕಿಡ್ನಿಗೆ ಭಾರ. ಕಮಲಮ್ಮನ ಕಿಡ್ನಿ ಸ್ವಲ್ಪ ಸೋತಿದೆ. ಕರಿಯನದು ಕೂದಲೆಳೆಯಷ್ಟೂ ಬದಲಾಗಿಲ್ಲ. ಮದ್ದಿನ ಬದಲು ಬರೀ ನೀರು ಹೋದವನ ಹಾಗಿದ್ದಾನೆ."

ಸರಸಕ್ಕ ಲೋಟ ಕೆಳಗಿಟ್ಟು ಎದ್ದರು.

ಆಸ್ಪತ್ರೆಯಲ್ಲಿ ಮೊದಲು ಸಿಕ್ಕವನು ಕರಿಯನ ತಮ್ಮ ಯತೀಶ್. ಐಸಿಯುವಿನ ಗಾಜಿನ ಬಾಗಿಲಿನ ಹೊರಗೆ ಬೆಂಚಿನಲ್ಲಿ ಕೂತಿದ್ದ. ಅಣ್ಣನ ಮದ್ದನ್ನು ಕೆಳಗಿನ ಔಷಧದಂಗಡಿಯಿಂದ ತಂದುಕೊಡುವವನು ಅವನೇ. ಹಾಗಾಗಿ ಆಸ್ಪತ್ರೆಯ ಅರ್ಧ ಜನ ಅವನನ್ನೇ ಅನುಮಾನಿಸುತ್ತಿದ್ದರು.

"ಅಣ್ಣನೊಟ್ಟಿಗೆ ಸಮಾ ಇರ್ಲಿಲ್ಲ ಅಂಬ್ರ್, ಹೌದಾ?" ಎಂದು ಸರಸಕ್ಕ ನೇರವಾಗಿ ಕೇಳಿದರು.

"ಹೌದ್. ಸುಳ್ಳ್ ಹೇಳುದಿಲ್ಲೆ," ಎಂದ ಯತೀಶ್. "ಅವ ಬಲೆ ಬಿಟ್ಟಲ್ಲೆಲ್ಲ ಮೀನ್. ನಾನ್ ಬಿಟ್ರೆ ಬರೀ ನೀರ್. ನಂಗೆ ಹೊಟ್ಟೆಕಿಚ್ಚ್ ಇತ್ತ್. ಆರೆ ಅವ ಸಾಯ್ಕ್ ಅಂದೇಳಿ ಯಾವತ್ತೂ ಎಣಿಸ್ಲಿಲ್ಲ." ಸ್ವಲ್ಪ ತಡೆದು ಹೇಳಿದ, "ಜಿತೇಂದ್ರ ಡಾಕ್ಟ್ರ್ ಹೇಳ್ತಿದ್ರ್, ಅಣ್ಣನ್ನ ಅವ್ರ ಕೈಗೆ ಕೊಟ್ರೆ ಮದ್ದ್ ಬದ್ಲ್ ಮಾಡಿ ಕಾಣ್ತ್ರಂಬ್ರ್. ಅವ್ರ ಕೈಗೆ ಒಪ್ಸು ಕಾಗ್ದಕ್ಕೆ ಸೈ ಹಾಕುದಾ ಬ್ಯಾಡ್ದಾ ಗೊತ್ತಾತಿಲ್ಲೆ."

ಡಾ. ಜಿತೇಂದ್ರ ಆ ಆಸ್ಪತ್ರೆಯ ಹಿರಿಯ ವೈದ್ಯರು. ಶ್ರೀಲತಾ ಬರುವವರೆಗೆ ಐಸಿಯು ಅವರದೇ ಆಗಿತ್ತು. ಈಗಲೂ ತಮ್ಮ ರೋಗಿಗಳನ್ನು ನೋಡಲು ಬೆಳಿಗ್ಗೆ, ಸಂಜೆ ಬರುತ್ತಿದ್ದರು.

ಒಳಗೆ ಮದ್ದಿನ ಕೋಣೆಯಲ್ಲಿ ನರ್ಸ್ ದಿವ್ಯಾ ಮದ್ದು ಕಲಸುತ್ತಿದ್ದಳು. ಸೀಲು ಒಡೆಯದ ಪುಟ್ಟ ಶೀಶೆಯನ್ನು ನಮಗೆ ತೋರಿಸಿ, ಮುಚ್ಚಳ ತೆಗೆದು, ಪುಡಿಗೆ ನೀರು ಸೇರಿಸಿ, ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿದಳು.

"ಕುಲುಕುವುದಿಲ್ಲವೇ?" ಎಂದು ಕೇಳಿದರು ಸರಸಕ್ಕ.

"ಕುಲುಕಿದರೆ ಸೋಪಿನ ಹಾಗೆ ನೊರೆ ಏಳುತ್ತದೆ, ಆಮೇಲೆ ಇಳಿಯುವುದೇ ಇಲ್ಲ."

ಕರಗಿದ ಮದ್ದನ್ನು ಚಿಕ್ಕ ಸಲೈನ್ ಬಾಟಲಿಗೆ ಸೇರಿಸಿ, ಪ್ಲಾಸ್ಟರಿನ ಮೇಲೆ ಹೆಸರು ಬರೆದು ಅಂಟಿಸಿದಳು. ಕರಿಯನದೊಂದು, ಕಮಲಮ್ಮನದೊಂದು. ಎರಡನ್ನೂ ಟ್ರೇಯಲ್ಲಿಟ್ಟು, ರೋಗಿಗಳ ಕಫ ತೆಗೆಯಲು ಹೋದಳು. ಆ ಕೆಲಸ ಮುಗಿದ ಮೇಲೆಯೇ ಬಾಟಲಿ ತೂಗುಹಾಕುವುದು ಅಲ್ಲಿನ ಪದ್ಧತಿ. ಸಂಜೆಯ ಪಾಳಿಯ ನರ್ಸೂ ಹಾಗೆಯೇ ಮಾಡುತ್ತಿದ್ದಳು. ಅಷ್ಟರಲ್ಲಿ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಜಿತೇಂದ್ರ ಬಂದರು, ನಮಗೆ ನಮಸ್ಕಾರ ಹೇಳಿದರು, ಕೈತೊಳೆಯಲು ಮದ್ದಿನ ಕೋಣೆಗೆ ಹೋದರು. ನಾವು ಕರಿಯನ ಹಾಸಿಗೆಯ ಹತ್ತಿರ ನಡೆದೆವು.

ಆಮೇಲೆ ದಿವ್ಯಾಳನ್ನು ಪಕ್ಕಕ್ಕೆ ಕರೆದು ಮಾತಾಡಿಸಿದಾಗ ಅವಳೂ ಏನನ್ನೂ ಮುಚ್ಚಿಡಲಿಲ್ಲ. ಅವಳೂ ಶ್ರೀಲತಾ ಅವರೂ ಬೈಂದೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚು.

"ಕ್ಲಾಸಿಗೆ ಫಸ್ಟ್ ಬರ್ತಾ ಇದ್ದದ್ದು ನಾನು. ಈಗ ಅವಳಿಗೆ ನಾನು ಮೇಡಂ ಅನ್ನಬೇಕು. ಜಿತೇಂದ್ರ ಸರ್ ಆದರೆ ನಮ್ಮನ್ನೂ ಮನುಷ್ಯರ ಹಾಗೆ ಕಾಣ್ತಾರೆ. ಎಷ್ಟು ಜಾಗ್ರತೆ ಅವರದು! ಮೊನ್ನೆ ಶ್ರೀಲತಾ ಕೋಟಕ್ಕೆ ಮದುವೆಗೆ ಹೋದ ದಿನ ಇಬ್ಬರಿಗೂ ಜ್ವರ ಏರಿತು. ನಾನು ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡಲಾ ಅಂತ ಕೇಳಿದೆ. ಕಮಲಮ್ಮನಿಗೆ ಬೇಡವೇ ಬೇಡ, ಕೊಲಿಸ್ಟಿನ್ ಹೋಗ್ತಾ ಇದೆ, ಎರಡೂ ಸೇರಿದರೆ ಕಿಡ್ನಿ ಹೋಗುತ್ತದೆ ಅಂದರು. ಬರೀ ಪ್ಯಾರಾಸಿಟಮಾಲ್ ಕೊಡಿಸಿದರು."

"ಕರಿಯನಿಗೆ?"

"ಅವನಿಗೆ ಇಂಜೆಕ್ಷನ್ ಕೊಡು ಅಂದರು. ಜ್ವರ ಇಳಿಯಿತು."

ಸರಸಕ್ಕ ತಲೆಯಾಡಿಸಿದರು. ಕರಿಯನ ಬಾಟಲಿ ತಳಕ್ಕೆ ಬಂದಿತ್ತು. ಅದನ್ನು ಕಳಚಿಕೊಡಲು ಹೇಳಿ, ಹೊರಗಿನ ಓಣಿಗೆ ಒಯ್ದು ಒಂದೆರಡು ಸಲ ಕುಲುಕಿದರು. ಬೆಳಕಿಗೆ ಹಿಡಿದು ನೋಡಿದರು. ಶ್ರೀಲತಾ ಅವರನ್ನು ಕರೆದು ಮೆಲುದನಿಯಲ್ಲಿ ಹೇಳಿದರು.

"ಈಗಿಂದೀಗಲೇ ಕರಿಯನಿಗೆ ಮದ್ದು ನೀವೇ ಕಲಸಿ, ನೀವೇ ಕೊಡಿ. ಯಾರಿಗೂ ತಿಳಿಯಬಾರದು. ಟ್ರೇಯ ಬಾಟಲಿ ಮೊದಲಿನ ಹಾಗೇ ಬರಲಿ, ಅದನ್ನು ಅವನ ಮೈಗೆ ಬಿಡಬೇಡಿ."

ಮರುದಿನ ಬೆಳಿಗ್ಗೆ, ಜಿತೇಂದ್ರ ಐಸಿಯುವಿನಿಂದ ಹೊರಬರುವಾಗಲೇ ಸರಸಕ್ಕ ಅವರನ್ನು ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ಕರೆದರು. ಶ್ರೀಲತಾ, ದಿವ್ಯಾ, ಯತೀಶ್ ಮೊದಲೇ ಬಂದು ಕೂತಿದ್ದರು. ನಾನು ಟ್ರೇ ತಂದು ಮೇಜಿನ ಮೇಲಿಟ್ಟೆ. ಅದರಲ್ಲಿ ದಿವ್ಯಾಳ ಅಕ್ಷರದ ಪ್ಲಾಸ್ಟರ್ ಅಂಟಿದ ಎರಡು ಬಾಟಲಿಗಳಿದ್ದವು.

"ಒಂದೇ ರೋಗಾಣು, ಒಂದೇ ಪೆಟ್ಟಿಗೆಯ ಮದ್ದು," ಎಂದು ಸರಸಕ್ಕ ಶುರುಮಾಡಿದರು. "ಒಬ್ಬರಿಗೆ ನಾಟಿತು, ಇನ್ನೊಬ್ಬನಿಗೆ ನಾಟಲಿಲ್ಲ. ಅಂದರೆ ಕರಿಯನ ಮದ್ದು ಶೀಶೆಯಿಂದ ಅವನ ರಕ್ತಕ್ಕೆ ಹೋಗುವ ದಾರಿಯಲ್ಲೇ ಎಲ್ಲೋ ತಪ್ಪಿಹೋಗಿದೆ. ಯತೀಶ್ ತರುವ ಶೀಶೆಗೆ ಸೀಲು ಇತ್ತು, ನಾನೇ ನೋಡಿದೆ. ಗಾಜಿನ ಬಾಗಿಲು ದಾಟಲು ಅವನನ್ನು ಬಿಡುವುದೂ ಇಲ್ಲ."

ಕಮಲಮ್ಮನ ಬಾಟಲಿ ಎತ್ತಿ ಜೋರಾಗಿ ಕುಲುಕಿದರು. ಕುತ್ತಿಗೆಯವರೆಗೆ ಬಿಳಿ ನೊರೆ ಎದ್ದಿತು. ಆಮೇಲೆ ಕರಿಯನ ಬಾಟಲಿ ಕುಲುಕಿದರು. ನಾಲ್ಕು ಗುಳ್ಳೆ ಎದ್ದು ಒಡೆದವು. ನೀರು ತಿಳಿಯಾಗಿ ನಿಂತಿತು.

"ಇದು ಬರೀ ಸಲೈನ್. ನಿನ್ನೆಯದೂ ಹೀಗೇ ಇತ್ತು. ಮದ್ದು ಕಲಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಾದರೆ ಕಲಸಿದ ಮೇಲೆ ಯಾರೋ ಬಾಟಲಿಯನ್ನೇ ಬದಲಿಸಿದ್ದಾರೆ, ಪ್ಲಾಸ್ಟರ್ ಕಿತ್ತು ಇದಕ್ಕೆ ಅಂಟಿಸಿದ್ದಾರೆ. ದಿವ್ಯಾ ಮಾಡಿದ್ದಾಗಿದ್ದರೆ ನೊರೆಯ ವಿಷಯ ತಾನಾಗಿ ನನಗೆ ಹೇಳುತ್ತಿರಲಿಲ್ಲ. ಸಂಜೆಯ ಪಾಳಿಯಲ್ಲಿ ಅವಳು ಇರುವುದೂ ಇಲ್ಲ, ಆದರೆ ನಿನ್ನೆ ಸಂಜೆಯ ಕರಿಯನ ಬಾಟಲಿಯಲ್ಲೂ ನೊರೆ ಏಳಲಿಲ್ಲ. ಎರಡು ಹೊತ್ತೂ, ಟ್ರೇ ಒಂಟಿಯಾಗಿರುವಾಗ ಆ ಕೋಣೆಗೆ ಹೋಗುವವರು ಒಬ್ಬರೇ."

"ಕೈತೊಳೆಯುವುದು ಅಪರಾಧವೇ?" ಎಂದರು ಜಿತೇಂದ್ರ. ದನಿ ಶಾಂತವಾಗಿತ್ತು.

"ಅಲ್ಲ ಸರ್. ನಿಮ್ಮನ್ನು ಹಿಡಿದುಕೊಟ್ಟದ್ದು ನಿಮ್ಮ ಜಾಗ್ರತೆ. ಕೊಲಿಸ್ಟಿನ್ ಹೋಗುತ್ತಿದೆಯೆಂದು ಕಮಲಮ್ಮನಿಗೆ ಡೈಕ್ಲೋಫೆನಾಕ್ ಬೇಡ ಎಂದಿರಿ. ಅದೇ ಹೊತ್ತಿಗೆ, ಅದೇ ಮದ್ದು ಹೋಗುತ್ತಿರುವ ಕರಿಯನಿಗೆ ಕೊಡು ಎಂದಿರಿ. ಅವನ ಕಿಡ್ನಿಯ ಭಯ ನಿಮಗೆ ಯಾಕಿರಲಿಲ್ಲ? ಅವನ ಮೈಗೆ ಕೊಲಿಸ್ಟಿನ್ ಹೋಗುತ್ತಿಲ್ಲ ಎಂದು ಈ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ನಿಮಗೊಬ್ಬರಿಗೇ."

ದಿವ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿಮ್ಮ ಬ್ಯಾಗ್ ತೆರೆಯುತ್ತೀರಾ? ನೀವು ಇನ್ನೂ ನಿಮ್ಮ ಕೋಣೆಗೆ ಹೋಗಿಲ್ಲ."

ಜಿತೇಂದ್ರ ತೆರೆಯಲಿಲ್ಲ, ತಡೆಯಲೂ ಇಲ್ಲ. ನಾನೇ ತೆರೆದೆ. ಸ್ಟೆತಸ್ಕೋಪಿನ ಕೆಳಗೆ ಒಂದು ಬಾಟಲಿ ಇತ್ತು, ಹೆಸರಿನ ಪ್ಲಾಸ್ಟರ್ ಇರಲಿಲ್ಲ. ಸರಸಕ್ಕ ಅದನ್ನು ಕುಲುಕಿ ಮೇಜಿನ ಮೇಲಿಟ್ಟರು. ನೊರೆ ಏರುವುದನ್ನು ಎಲ್ಲರೂ ನೋಡಿದರು.

ಜಿತೇಂದ್ರ ಶ್ರೀಲತಾ ಅವರ ಕಡೆ ತಿರುಗಿದರು.

"ಅವನನ್ನು ತಂದ ದಿನ ನೀನು ಎಲ್ಲಿದ್ದೆ? ಊಟಕ್ಕೆ ಹೋಗಿದ್ದೆ. ಮೈ ನೀಲಿಯಾಗಿತ್ತು. ಗಂಟಲಿಗೆ ನಳಿಗೆ ಇಳಿಸಿದವನು ನಾನು. ಎದೆ ಒತ್ತಿ ಒತ್ತಿ ನಾಡಿ ವಾಪಸ್ ತಂದವನು ನಾನು. ಫೋಟೋ ನಿನ್ನದು ಬಂತು. ಶಾಲು ನಿನಗೆ ಹೊದೆಸಿದರು. ನೀನು ಒಂದು ಸಲವಾದರೂ ನನ್ನ ಹೆಸರು ಹೇಳಿದೆಯಾ?"

ಶ್ರೀಲತಾ ತಲೆ ತಗ್ಗಿಸಿದರು.

"ಕೊಲ್ಲುವ ಯೋಚನೆ ಇರಲಿಲ್ಲ. ಯತೀಶ್ ಸಹಿ ಹಾಕಿದ ದಿನವೇ ನಿಜವಾದ ಮದ್ದು ಶುರು ಮಾಡುತ್ತಿದ್ದೆ. ಎರಡನೇ ಸಲವೂ ನಾನೇ ಉಳಿಸುತ್ತಿದ್ದೆ."

"ಅಷ್ಟರವರೆಗೆ ಅವನು ಕಾಯುತ್ತಿದ್ದನೇ?" ಎಂದು ಸರಸಕ್ಕ ಕೇಳಿದರು.

ಜಿತೇಂದ್ರ ಮುಖ ತಿರುಗಿಸಿದರು. ಪೊಲೀಸರು ಬರುವವರೆಗೂ ಗೋಡೆ ನೋಡುತ್ತಾ ಕೂತಿದ್ದರು.

ಕರಿಯನಿಗೆ ಮದ್ದು ನಾಟಿತು. ಜ್ವರ ಇಳಿಯಿತು, ನಿಧಾನವಾಗಿ ವೆಂಟಿಲೇಟರ್ ತೆಗೆದರು. ಯತೀಶ್ ಅವನನ್ನು ಎತ್ತಿಕೊಂಡೇ ಕೋಡಿಯ ಮನೆಯೊಳಗೆ ಕರೆದೊಯ್ದ. ಕೇಸು ಕೋರ್ಟಿಗೆ ಬರಲು ಕಾಲ ಹಿಡಿಯಿತು. ಸಾಕ್ಷಿ ಹೇಳಲು ಕರಿಯ ಬಂದಾಗ ಅವನ ದನಿ ಇನ್ನೂ ಒಡಕಾಗಿತ್ತು. ಎದುರಿಗೆ ನಿಂತಿರುವವರು ಗೊತ್ತೇ ಎಂದು ವಕೀಲರು ಕೇಳಿದರು.

"ಗೊತ್ತಿತ್ತ್," ಎಂದ ಕರಿಯ. "ಸತ್ತ್ ಹೋದ ನನ್ನ ಬದ್ಕ್ಸದ್ ಅವ್ರೇ. ಆಮೇಲ್ ಸಾಯೂಕ್ ಬಿಟ್ಟದ್ದೂ ಅವ್ರೇ. ಎರಡ್ನೂ ಬರ್ಕಣಿ. ಒಂದೇ ಬರಿಬ್ಯಾಡಿ."

ಅಲ್ಲಿಯವರೆಗೆ ಯಾರ ಮುಖವನ್ನೂ ನೋಡದೆ ನಿಂತಿದ್ದ ಜಿತೇಂದ್ರ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು.